ಮೊದಲ ಬಾಡಿಗೆ ಮನೆ

ನಿವೃತ್ತಿಯ ದುಡ್ಡು ಕೈಗೆ ಬಂದವರು, ಊರಿನ ತೋಟದ ಪಾಲು ಮಾರಿದವರು, ಮಕ್ಕಳು ದುಡಿಯತೊಡಗಿದ ಮೇಲೆ ತಿಂಗಳ ಕೊನೆಗೆ ನಾಲ್ಕು ಕಾಸು ಉಳಿಸುತ್ತಿರುವವರು, ಇವರೆಲ್ಲ ಮೊದಲು ಯೋಚಿಸುವುದು ಒಂದು ಮನೆ ಕೊಂಡು ಬಾಡಿಗೆಗೆ ಕೊಡುವುದನ್ನೇ. ಷೇರುಪೇಟೆ ಎಂದರೆ ಭಯ, ಚೀಟಿ ವ್ಯವಹಾರದಲ್ಲಿ ನಂಬಿಕೆಯಿಲ್ಲ, ಚಿನ್ನ ಬೀರುವಿನಲ್ಲಿ ಸುಮ್ಮನೆ ಕೂತಿರುತ್ತದೆ. ಮನೆಯಾದರೆ ಕಣ್ಣಿಗೆ ಕಾಣುತ್ತದೆ, ತಿಂಗಳು ತಿಂಗಳು ದುಡ್ಡೂ ತರುತ್ತದೆ. ಬ್ಯಾಂಕಿನಲ್ಲಿ ಗೃಹಸಾಲದ ಕಡತಗಳ ನಡುವೆ ಬಹುಕಾಲ ಕಳೆದವನಾದ್ದರಿಂದ ಈ ಆಸೆಯನ್ನು ನಾನು ಹತ್ತಿರದಿಂದ ಬಲ್ಲೆ. ಅದರಲ್ಲಿ ತಪ್ಪೇನಿಲ್ಲ. ತೊಂದರೆ ಬರುವುದು ಮನೆ ನೋಡುವ ರೀತಿಯಲ್ಲಿ. ತಾವೇ ವಾಸಕ್ಕೆ ಹೋಗುವವರಂತೆ ಮುಂಬಾಗಿಲ ತೇಗ ನೋಡುತ್ತಾರೆ, ಅಡುಗೆಮನೆಯ ಗ್ರಾನೈಟ್ ಮುಟ್ಟಿ ನೋಡುತ್ತಾರೆ, ಐದು ವರ್ಷದಲ್ಲಿ ಬೆಲೆ ಎರಡರಷ್ಟಾಗುತ್ತದೆ ಎಂದು ಬ್ರೋಕರ್ ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಹಸು ಕೊಳ್ಳುವವರು ಕೊಂಬಿನ ಚಂದಕ್ಕೆ ಬೆಲೆ ಕಟ್ಟುವುದಿಲ್ಲ. ಎಷ್ಟು ಹಾಲು, ಎಷ್ಟು ಹಿಂಡಿ ಎಂದು ಕೇಳುತ್ತಾರೆ. ಬಾಡಿಗೆ ಮನೆಗೂ ಅದೇ ಲೆಕ್ಕ. ಇವತ್ತು ನಾನು ಹೆಚ್ಚು ಹೊತ್ತು ನಿಲ್ಲುವುದು ಆ ಲೆಕ್ಕದ ಮೇಲೆಯೇ. ಕೈಲಿ ಪೆನ್ನು ಇದ್ದರೆ ಬರೆದುಕೊಳ್ಳಿ.

ಬೆಂಗಳೂರಿನಲ್ಲಿ 60 ಲಕ್ಷ ರೂಪಾಯಿಯ ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳೋಣ. ಅದಕ್ಕೆ ತಿಂಗಳಿಗೆ 20,000 ಬಾಡಿಗೆ ಬರುತ್ತದೆ ಎನ್ನೋಣ. ಮಾರುವವರು ತಕ್ಷಣ ಲೆಕ್ಕ ಒಪ್ಪಿಸುತ್ತಾರೆ: ವರ್ಷಕ್ಕೆ ಎರಡು ಲಕ್ಷ ನಲವತ್ತು ಸಾವಿರ, ಅಂದರೆ ನೂರಕ್ಕೆ ನಾಲ್ಕು. ನಿಧಾನವಾಗಿ ಮತ್ತೆ ಲೆಕ್ಕ ಹಾಕಿ. ಮನೆಯ ಬೆಲೆ 60 ಲಕ್ಷವಾದರೂ ನಿಮಗೆ ಬೀಳುವ ಖರ್ಚು ಅಷ್ಟೇ ಅಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ ಐದರಂತೆ 3 ಲಕ್ಷ. ಆ ಶುಲ್ಕದ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನೂರಕ್ಕೆ ಹನ್ನೆರಡು, ಅಂದರೆ 36,000. ನೋಂದಣಿ ಶುಲ್ಕ ಮೊದಲು ನೂರಕ್ಕೆ ಒಂದಿತ್ತು, 2025ರ ಆಗಸ್ಟ್ ಕೊನೆಯಿಂದ ಎರಡಾಗಿದೆ. ಅದು 1 ಲಕ್ಷ 20 ಸಾವಿರ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಹೊರಗೆ ಬರುವಷ್ಟರಲ್ಲಿ ನಾಲ್ಕೂವರೆ ಲಕ್ಷ ದಾಟಿತು. ಫ್ಯಾನು, ಗೀಸರು, ಕಿಟಕಿಯ ಸೊಳ್ಳೆಬಲೆ, ಒಂದು ಕೋಟು ಬಣ್ಣ ಎಂದು ಒಂದೂವರೆ ಲಕ್ಷ. ಒಟ್ಟು ಹತ್ತಿರ ಹತ್ತಿರ 66 ಲಕ್ಷ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಕೊಂಡರೆ ಇದರ ಮೇಲೆ ಜಿಎಸ್‌ಟಿ ಬೇರೆ.

ಈಗ ಬರುವ ಕಡೆ ನೋಡಿ. ವರ್ಷಕ್ಕೆ ಹನ್ನೆರಡು ತಿಂಗಳು ಬಾಡಿಗೆ ಬರುತ್ತದೆ ಎಂದು ಹೊಸಬರು ಮಾತ್ರ ಬರೆದುಕೊಳ್ಳುತ್ತಾರೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಸುಣ್ಣ ಬಣ್ಣಕ್ಕೆ ಒಂದೆರಡು ವಾರ ಹೋಗುತ್ತದೆ. ಆಷಾಢದಲ್ಲಿ ಮನೆ ಖಾಲಿಯಾದರೆ ಶ್ರಾವಣದ ತನಕ ಹಾಲುಕ್ಕಿಸುವವರು ಬರುವುದಿಲ್ಲ. ಧನುರ್ಮಾಸದಲ್ಲಾದರೆ ಸಂಕ್ರಾಂತಿಯವರೆಗೆ ಕಾಯಬೇಕು. ಹಾಗಾಗಿ ಹನ್ನೊಂದು ತಿಂಗಳಿಗೇ ಲೆಕ್ಕ ಹಾಕಿ: 2 ಲಕ್ಷ 20 ಸಾವಿರ. ಅದರಲ್ಲಿ ಅಪಾರ್ಟ್‌ಮೆಂಟ್ ಸಂಘದ ಮೇಂಟೆನೆನ್ಸ್ ನಿಮ್ಮ ಪಾಲಿಗಿದ್ದರೆ ತಿಂಗಳಿಗೆ ಎರಡೂವರೆ ಸಾವಿರದಂತೆ 30,000. ಆಸ್ತಿ ತೆರಿಗೆ ಸುಮಾರು 10,000. ಮೋಟಾರು, ನಲ್ಲಿ, ಸೋರಿಕೆ, ಬಣ್ಣ ಎಂದು ವರ್ಷಕ್ಕೆ 20,000 ತೆಗೆದಿಡಿ. ಈ ವರ್ಷ ಖರ್ಚಾಗದಿದ್ದರೆ ಮುಂದಿನ ವರ್ಷ ಒಟ್ಟಿಗೇ ಆಗುತ್ತದೆ. ಉಳಿದದ್ದು 1 ಲಕ್ಷ 60 ಸಾವಿರ. 66 ಲಕ್ಷಕ್ಕೆ ಇದು ನೂರಕ್ಕೆ ಎರಡೂವರೆಯೂ ಇಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 2023ರ ಏಪ್ರಿಲ್‌ನಲ್ಲಿ ನೂರಕ್ಕೆ 8.2 ಬಡ್ಡಿಗೆ ಏರಿತು. ಅದರಲ್ಲಿ ನಲ್ಲಿ ಸೋರುವುದಿಲ್ಲ.

ಸಾಲ ಮಾಡಿ ಕೊಂಡರೆ ಚಿತ್ರ ಇನ್ನೂ ಬಿಗಿಯಾಗುತ್ತದೆ. 60 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ನೂರಕ್ಕೆ ಎಂಬತ್ತು, ಅಂದರೆ 48 ಲಕ್ಷ ಕೊಡುತ್ತದೆ. ನೋಂದಣಿ ಖರ್ಚು ನಿಮ್ಮದೇ. ಎಂಟೂವರೆ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 41,600. ಬಾಡಿಗೆಯಿಂದ ಕೈಗೆ ಉಳಿಯುವುದು ತಿಂಗಳಿಗೆ ಹದಿಮೂರು ಸಾವಿರ ಚಿಲ್ಲರೆ. ಮಿಕ್ಕ ಇಪ್ಪತ್ತೆಂಟು ಸಾವಿರವನ್ನು ಪ್ರತಿ ತಿಂಗಳು ಸಂಬಳದಿಂದ ತುಂಬಬೇಕು. "ಬಾಡಿಗೆಯೇ ಸಾಲ ತೀರಿಸುತ್ತದೆ" ಎನ್ನುವ ಮಾತನ್ನು ನಂಬಿ ಬಂದವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೆ ಮುಖ ಸಣ್ಣದಾಗುತ್ತಿತ್ತು. ಕೆಲವರಿಗೆ ಕೋಪವೂ ಬರುತ್ತಿತ್ತು.

ಹಾಗಾದರೆ ಯಾರೂ ಬಾಡಿಗೆ ಮನೆ ಕೊಳ್ಳಬಾರದೇ? ಕೊಳ್ಳಬಹುದು. ಠೇವಣಿಯ ಅಸಲು ಹತ್ತು ವರ್ಷದ ಮೇಲೂ ಅಷ್ಟೇ ಇರುತ್ತದೆ. ಮನೆಯ ಬಾಡಿಗೆ ವರ್ಷಕ್ಕೆ ನೂರಕ್ಕೆ ಐದರಂತೆ ಏರುತ್ತಾ ಹೋಗುತ್ತದೆ, ನೆಲದ ಬೆಲೆಯೂ ಏರಬಹುದು. ಆದರೆ ನೆಲದ ಬೆಲೆ ಏರುವುದು ನಿಮ್ಮ ಕೈಲಿಲ್ಲ. ಬಾಡಿಗೆಯಾದರೆ ಸ್ವಲ್ಪಮಟ್ಟಿಗೆ ನಿಮ್ಮ ಕೈಲಿದೆ. ಅದಕ್ಕೇ ನಾನು ಹೇಳುವುದು, ಮೊದಲ ಮನೆಯನ್ನು ಏರಬಹುದಾದ ಬೆಲೆಯ ಆಸೆಗೆ ಕೊಳ್ಳಬೇಡಿ, ಕೈಗೆ ಉಳಿಯುವ ಬಾಡಿಗೆ ನೋಡಿ ಕೊಳ್ಳಿ.

ಆ ಕಣ್ಣಿನಲ್ಲಿ ನೋಡಿದಾಗ ಬಹಳ ಜನರಿಗೆ ಮೊದಲ ಬಾಡಿಗೆ ಮನೆ ಸಿಗುವುದು ಅವರ ತಲೆಯ ಮೇಲೆಯೇ. ಸ್ವಂತ ಮನೆ ಇದೆ, ಮೇಲೆ ತಾರಸಿ ಖಾಲಿ ಇದೆ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಹುಬ್ಬಳ್ಳಿಯಲ್ಲೋ ಎಂಟು ಚದರದ ಒಂದು ಮಹಡಿ ಮನೆ ಕಟ್ಟಿಸುತ್ತೀರಿ ಎನ್ನೋಣ. ಚದರಕ್ಕೆ ಎರಡು ಲಕ್ಷ ಹಿಡಿದರೂ 16 ಲಕ್ಷ. ಮೆಟ್ಟಿಲು, ಪ್ರತ್ಯೇಕ ಮೀಟರು, ಟ್ಯಾಂಕು, ನಕ್ಷೆಯ ಶುಲ್ಕ ಎಂದು ಇನ್ನೆರಡು ಲಕ್ಷ. ಬಾಡಿಗೆ ಹನ್ನೊಂದು ಸಾವಿರ ಬಂದರೂ ಹನ್ನೊಂದು ತಿಂಗಳಿಗೆ 1 ಲಕ್ಷ 21 ಸಾವಿರ. ತೆರಿಗೆ, ರಿಪೇರಿಗೆ 20,000 ಕಳೆದರೆ ಒಂದು ಲಕ್ಷ. 18 ಲಕ್ಷಕ್ಕೆ ನೂರಕ್ಕೆ ಐದೂವರೆ. ಆ ಫ್ಲ್ಯಾಟಿನ ಎರಡರಷ್ಟಕ್ಕಿಂತ ಹೆಚ್ಚು. ಕಾರಣ ಸರಳ: ನೆಲಕ್ಕೆ ನೀವು ಈಗಾಗಲೇ ದುಡ್ಡು ಕೊಟ್ಟಾಗಿದೆ, ನೋಂದಣಿ ಖರ್ಚಿಲ್ಲ, ನೋಡಿಕೊಳ್ಳಲು ಆಟೋ ಹತ್ತಿ ಹೋಗಬೇಕಿಲ್ಲ.

ಆದರೆ ಮೇಸ್ತ್ರಿ "ಹಾಕಿಬಿಡೋಣ ಸಾರ್" ಎಂದ ಕೂಡಲೇ ಇಟ್ಟಿಗೆ ತರಿಸಬೇಡಿ. ಹಳೆಯ ಮನೆ ಗೋಡೆಯ ಆಧಾರದ ಮೇಲೆ ನಿಂತಿದ್ದರೆ, ಕಾಲಂ ಇಲ್ಲದಿದ್ದರೆ, ಪಾಯ ಎಷ್ಟು ಆಳವಿದೆ ಎಂದು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಂದ ನೋಡಿಸಿ. ಅವರಿಗೆ ಕೊಡುವ ಕೆಲವು ಸಾವಿರವನ್ನು ಉಳಿಸಲು ಹೋಗುವುದು ಜಾಣತನವಲ್ಲ. ನಗರಸಭೆಯೋ ಪಾಲಿಕೆಯೋ ನಕ್ಷೆಗೆ ಮಂಜೂರಾತಿ ಕೊಡಬೇಕು. ಮಂಜೂರಾತಿಯಿಲ್ಲದ ಮಹಡಿಗೆ ವಿದ್ಯುತ್ ಸಂಪರ್ಕ ಪಡೆಯುವುದು ಈಗ ಮೊದಲಿನಷ್ಟು ಸಲೀಸಿಲ್ಲ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಜನ ಹೊಸ ಮನೆ ಕಟ್ಟಿಸಿ ಮೀಟರಿಗಾಗಿ ಅಲೆದಿದ್ದಾರೆ. ಮೆಟ್ಟಿಲು ಹೊರಗಿನಿಂದಲೇ ಇರಲಿ. ಬಾಡಿಗೆದಾರರು ನಿಮ್ಮ ಹಜಾರ ದಾಟಿ ಹೋಗುವಂತಿದ್ದರೆ ನಿಮಗೂ ನೆಮ್ಮದಿಯಿಲ್ಲ, ಅವರಿಗೂ ಇಲ್ಲ.

ಮೀಟರಿನ ಮಾತು ಇನ್ನೂ ಸ್ವಲ್ಪ ಇದೆ. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಬಾಡಿಗೆಗೆ ಬರುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಮೀಟರ್ ಬೇರೆ ಇದೆಯಾ?" ಬಾಡಿಗೆದಾರರೂ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಿ, ಮನೆಯ ವಿದ್ಯುತ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆಗೆ ಜೋಡಿಸಿಕೊಂಡು 200 ಯೂನಿಟ್ಟಿನ ಮಿತಿಯೊಳಗೆ ಆ ಸವಲತ್ತು ಪಡೆಯಬಹುದು. ನಾಲ್ಕು ಸಂಸಾರಕ್ಕೆ ಒಂದೇ ಮೀಟರಿಟ್ಟು ಒಳಗೆ ಸಬ್‌ಮೀಟರ್ ಹಾಕಿದರೆ ಒಟ್ಟು ಯೂನಿಟ್ಟು ಮಿತಿ ದಾಟುತ್ತದೆ, ಯಾರಿಗೂ ಪ್ರಯೋಜನವಿಲ್ಲ. ಪ್ರತ್ಯೇಕ ಮೀಟರಿರುವ ಮನೆಗೆ ಈಗ ತಿಂಗಳಿಗೆ ಐನೂರು ಹೆಚ್ಚು ಕೊಡಲು ಜನ ಸಿದ್ಧರಿದ್ದಾರೆ, ಏಕೆಂದರೆ ಅವರಿಗೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಇನ್ನು ಹೊಸದಾಗಿ ಕೊಳ್ಳುವವರಿಗೆ, ಜಾಗದ ವಿಷಯ. ಯಾರು ಬಾಡಿಗೆಗೆ ಬರುತ್ತಾರೆ, ಯಾಕೆ ಬರುತ್ತಾರೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರಬೇಕು. ಧಾರವಾಡದ ಸಪ್ತಾಪುರದಲ್ಲಿ ಉತ್ತರ ಕರ್ನಾಟಕದ ಎಲ್ಲ ಮೂಲೆಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗ ಹುಡುಗಿಯರಿದ್ದಾರೆ. ಅಲ್ಲಿ ಸಣ್ಣ ಕೋಣೆಯೂ ಖಾಲಿ ಕೂರುವುದು ಅಪರೂಪ. ಅಲ್ಲಿ ಮೂರು ಬೆಡ್‌ರೂಮಿನ ಮನೆ ಕಟ್ಟಿಸಿ ಸಂಸಾರವಂದಿಗರನ್ನು ಕಾಯುವುದು ವ್ಯರ್ಥ. ಆಸ್ಪತ್ರೆಯ ಬಳಿ ನರ್ಸುಗಳು, ಕಾರ್ಖಾನೆಯ ಬಳಿ ಪಾಳಿ ಕೆಲಸದವರು, ಶಾಲೆಯ ಬಳಿ ಚಿಕ್ಕ ಮಕ್ಕಳ ತಂದೆತಾಯಿ ಬರುತ್ತಾರೆ. ಒಂದೇ ಕಂಪನಿಯನ್ನು ನಂಬಿಕೊಂಡ ಬಡಾವಣೆಯಾದರೆ ಆ ಕಂಪನಿ ಮನೆಯಿಂದಲೇ ಕೆಲಸ ಮಾಡಿ ಎಂದ ದಿನ ಬೀದಿಯಿಡೀ ಟು ಲೆಟ್ ಬೋರ್ಡು ತೂಗುತ್ತದೆ. 2020ರಲ್ಲಿ ಬೆಂಗಳೂರಿನ ಐಟಿ ಕಾರಿಡಾರಿನವರು ಅದನ್ನು ಕಂಡಿದ್ದಾರೆ.

ಮೆಟ್ರೊ ಬರುತ್ತದೆ ಎನ್ನುವ ಮಾತಿಗೂ ಸ್ವಲ್ಪ ಕಾಯಿರಿ. ನಾನು ನೋಡಿದಂತೆ ಮೆಟ್ರೊ ಘೋಷಣೆಯಾದ ದಿನವೇ ನಿವೇಶನದ ಬೆಲೆ ಏರುತ್ತದೆ, ಬಾಡಿಗೆ ಏರುವುದು ರೈಲು ಓಡತೊಡಗಿದ ಮೇಲೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗಕ್ಕೆ ಜನ ವರ್ಷಗಟ್ಟಲೆ ಕಾದರು. ರೈಲು ಬಂದದ್ದು 2025ರ ಆಗಸ್ಟಿನಲ್ಲಿ. ಅಷ್ಟು ವರ್ಷ ಕಂತು ಕಟ್ಟುವ ಶಕ್ತಿ ನಿಮಗಿದೆಯೇ ಎಂದು ನೋಡಿಕೊಳ್ಳಿ.

ನೀರನ್ನು ನೋಡದೆ ಕೊಳ್ಳುವವರಿದ್ದಾರೆ ಎಂದರೆ ನನಗೆ ಈಗಲೂ ಆಶ್ಚರ್ಯ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ಬಾಯಿಗೆ ಬಂದ ದರ ಕೇಳಿ, ಕೊನೆಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲನೆಯಾದದ್ದು 2024ರ ಅಕ್ಟೋಬರಿನಲ್ಲಿ. ಮನೆ ನೋಡಲು ಬೇಸಿಗೆಯಲ್ಲಿ ಹೋಗಿ, ಸಂಪಿನ ಮುಚ್ಚಳ ತೆಗೆಸಿ ನೋಡಿ, ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ ಎಂದು ಮಾರುವವರನ್ನು ಬಿಟ್ಟು ಎದುರು ಮನೆಯ ಗೃಹಿಣಿಯನ್ನು ಕೇಳಿ. ಮಳೆಗಾಲದಲ್ಲಿ ಇನ್ನೊಂದು ಸಲ ಹೋಗಿ ಬೀದಿಯಲ್ಲಿ ಎಷ್ಟು ನೀರು ನಿಲ್ಲುತ್ತದೆ ನೋಡಿ. ದಿಕ್ಕಿನ ವಿಷಯದಲ್ಲಿ ಒಂದು ಸಣ್ಣ ಉಪಾಯ ಹೇಳುತ್ತೇನೆ, ವಾಸ್ತು ನಂಬುವವರು ಕ್ಷಮಿಸಬೇಕು. ದಕ್ಷಿಣಕ್ಕೆ ಬಾಗಿಲಿರುವ ಮನೆಯ ಬೆಲೆ ಚೌಕಾಸಿಗೆ ಬಗ್ಗುತ್ತದೆ. ಬಾಡಿಗೆಗೆ ಬರುವವರೂ ದಿಕ್ಕು ಕೇಳುವುದುಂಟು, ಆದರೆ ಎರಡು ವರ್ಷ ಇದ್ದು ಹೋಗುವವರು ಬಸ್ ಸ್ಟಾಪಿಗೆ ಹತ್ತಿರ ಎಂದರೆ ದಿಕ್ಕನ್ನು ಮರೆಯುತ್ತಾರೆ.

ಕಾಗದಪತ್ರ. ಇಲ್ಲಿ ಅವಸರ ಮಾಡಬೇಡಿ. ಖಾತೆ ತೋರಿಸಿ "ನೋಡಿ ಸಾರ್, ಖಾತೆ ನಮ್ಮ ಹೆಸರಿನಲ್ಲೇ ಇದೆ" ಎನ್ನುತ್ತಾರೆ. ಖಾತೆ ಎನ್ನುವುದು ತೆರಿಗೆ ಯಾರಿಂದ ವಸೂಲು ಮಾಡಬೇಕು ಎಂಬ ದಾಖಲೆ, ಅದರಿಂದ ಒಡೆತನ ಸಾಬೀತಾಗುವುದಿಲ್ಲ. ಒಡೆತನ ಗೊತ್ತಾಗುವುದು ಕ್ರಯಪತ್ರದಿಂದ, ಅದರ ಹಿಂದಿನ ಕ್ರಯಪತ್ರದಿಂದ, ಅದಕ್ಕೂ ಹಿಂದಿನ ವಿಭಾಗಪತ್ರದಿಂದ, ಹೀಗೆ ಮೂಲಪತ್ರದ ತನಕ. ಕನಿಷ್ಠ ಮೂವತ್ತು ವರ್ಷದ ಸರಪಳಿ ಸಿಗಬೇಕು, ನಡುವೆ ಒಂದು ಕೊಂಡಿಯೂ ತಪ್ಪಿರಬಾರದು. ಋಣಭಾರ ಪ್ರಮಾಣಪತ್ರವನ್ನು, ಜನ ಇ.ಸಿ. ಎನ್ನುವುದನ್ನು, ಈಗ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಪಡೆಯಬಹುದು. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು, ಕೋರ್ಟಿನಲ್ಲಿರುವ ದಾವೆ, ಅಣ್ಣತಮ್ಮಂದಿರ ಜಗಳ ಅದರಲ್ಲಿ ಕಾಣುವುದಿಲ್ಲ. ನಗರದ ಆಸ್ತಿಗಳ ನೋಂದಣಿಗೆ 2024ರ ಅಕ್ಟೋಬರಿನಿಂದ ಇ-ಖಾತೆ ಬೇಕೇಬೇಕು. ಗ್ರಾಮ ಪಂಚಾಯ್ತಿಯ ಮಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಕೃಷಿ ಜಮೀನನ್ನು ಪರಿವರ್ತನೆ ಮಾಡಿಸದೆ ಕಲ್ಲು ನೆಟ್ಟು ಹಂಚಿದ ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುತ್ತದೆ, ಆದರೆ ಬ್ಯಾಂಕು ಅದಕ್ಕೆ ಸಾಲ ಕೊಡಲು ಹಿಂಜರಿಯುತ್ತದೆ. ಬ್ಯಾಂಕಿನ ವಕೀಲರು ಬೇಡವೆಂದ ಆಸ್ತಿಯನ್ನು ನಗದು ಕೊಟ್ಟು ಕೊಳ್ಳುವ ಧೈರ್ಯ ಹೊಸಬರಿಗೆ ಬೇಡ. ಸಾಲ ಬೇಡವಾದರೂ ಒಮ್ಮೆ ಸಾಲಕ್ಕೆ ಅರ್ಜಿ ಹಾಕಿ ಅವರ ಕಣ್ಣಿನಿಂದ ಪತ್ರಗಳನ್ನು ನೋಡಿಸುವವರಿದ್ದಾರೆ. ಅಡ್ಡಿಯಿಲ್ಲ, ಒಳ್ಳೆಯ ಉಪಾಯವೇ.

ನಾನು ಕಡತಗಳಲ್ಲಿ ಪದೇ ಪದೇ ಕಂಡ ಒಂದು ತೊಡಕು ಹೆಣ್ಣುಮಕ್ಕಳ ಪಾಲಿನದು. ತಂದೆಯ ಕಾಲದ ಆಸ್ತಿಯನ್ನು ಮೂವರು ಗಂಡುಮಕ್ಕಳು ಸೇರಿ ಮಾರುತ್ತಾರೆ, ಅಕ್ಕತಂಗಿಯರ ಸಹಿ ಇರುವುದಿಲ್ಲ. "ಅವರಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ" ಎನ್ನುತ್ತಾರೆ. ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದುಪಡಿಯಾಗಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಬಂತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆಯಿತು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಣ್ಣುಮಗಳ ಸಹಿಯೂ ಕ್ರಯಪತ್ರದಲ್ಲಿದೆಯೇ ನೋಡಿ. ಸಹಿಗೆ ಬರಲು ಅಕ್ಕನವರು ಒಪ್ಪುವುದಿಲ್ಲ ಎಂದರೆ ಆ ಮನೆಯನ್ನು ಬಿಡಿ. ಸರ್ಕಾರ ಮಂಜೂರು ಮಾಡಿದ ಪರಿಶಿಷ್ಟರ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ 1978ರ ಪಿಟಿಸಿಎಲ್ ಕಾಯ್ದೆ ನೆನಪಿರಲಿ. ಸರ್ಕಾರದ ಅನುಮತಿಯಿಲ್ಲದೆ ಮಾರಿದ ಅಂಥ ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸಾಗಬಹುದು.

ಈಗ ಬಾಡಿಗೆದಾರರ ಕಡೆ ಬರೋಣ. ಮಾಲೀಕರಾದ ಕೂಡಲೇ ನಮ್ಮ ಜನರಿಗೆ ಒಂದು ಗತ್ತು ಬರುತ್ತದೆ. ಯಾವ ಜಾತಿ, ಏನು ತಿನ್ನುತ್ತೀರಿ, ರಾತ್ರಿ ಎಷ್ಟು ಗಂಟೆಗೆ ಬರುತ್ತೀರಿ, ನೆಂಟರು ಎಷ್ಟು ದಿನ ಇರುತ್ತಾರೆ ಎಂದು ಒಂದು ವಿಚಾರಣೆ ನಡೆಯುತ್ತದೆ. ಮನುಷ್ಯರನ್ನು ಹಾಗೆ ತೂಗುವುದು ನನಗೆ ಹಿಡಿಸುವುದಿಲ್ಲ. ಲೆಕ್ಕದ ಭಾಷೆಯಲ್ಲೇ ಹೇಳಬೇಕೆಂದರೆ, "ಇಂಥವರಿಗೆ ಮಾತ್ರ" ಎಂಬ ಬೋರ್ಡಿನಿಂದ ಎರಡು ತಿಂಗಳು ಮನೆ ಖಾಲಿ ಬಿದ್ದರೆ ಮೂರು ವರ್ಷದ ಬಾಡಿಗೆ ಏರಿಕೆ ಕೊಚ್ಚಿ ಹೋದಂತೆ. ಕೇಳಬೇಕಾದ್ದು ಬೇರೆ: ಎಲ್ಲಿ ಕೆಲಸ, ಸಂಬಳದ ಮೂರನೇ ಒಂದು ಭಾಗಕ್ಕಿಂತ ಬಾಡಿಗೆ ಹೆಚ್ಚಾಗುತ್ತದೆಯೇ, ಈಗಿನ ಮನೆ ಯಾಕೆ ಬಿಡುತ್ತಿದ್ದಾರೆ. ಸಾಧ್ಯವಾದರೆ ಅವರ ಹಿಂದಿನ ಮನೆಯ ಮಾಲೀಕರಿಗೆ ಒಂದು ಫೋನು. ಈಗಿರುವ ಮನೆಯವರು ಕಳಿಸಿದರೆ ಸಾಕೆಂದು ಹೊಗಳಿಯಾರು. ಅದಕ್ಕೂ ಹಿಂದಿನ ಮಾಲೀಕರು ನಿಜ ಹೇಳುತ್ತಾರೆ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವ ನಮೂನೆಯಿದೆ, ಅದನ್ನು ತುಂಬಿ ಕೊಡಿ.

ಬಾಡಿಗೆಯನ್ನು ಪೇಟೆಯ ದರಕ್ಕಿಂತ ಐನೂರು ರೂಪಾಯಿ ಕಡಿಮೆ ಇಡಿ ಎಂದು ನಾನು ಹೇಳಿದರೆ ಹಲವರು ನಗುತ್ತಾರೆ. ಹಾಗೆ ಮಾಡಿದರೆ ಬಂದವರು ಬೇಗ ಬಿಡುವುದಿಲ್ಲ. ಒಂದು ಸಲ ಮನೆ ಖಾಲಿಯಾದರೆ ಒಂದು ತಿಂಗಳ ಬಾಡಿಗೆ, ಬ್ರೋಕರಿಗೆ ಇನ್ನೊಂದು ತಿಂಗಳದ್ದು, ಬಣ್ಣದ ಖರ್ಚು, ಎಲ್ಲ ಸೇರಿ ಐವತ್ತು ಸಾವಿರದ ಹತ್ತಿರ ಹೋಗುತ್ತದೆ. ತಿಂಗಳಿಗೆ ಐನೂರರಂತೆ ಅಷ್ಟು ಕಳೆದುಕೊಳ್ಳಲು ಎಂಟು ವರ್ಷ ಬೇಕು.

ಕರಾರುಪತ್ರವನ್ನು ಹನ್ನೊಂದು ತಿಂಗಳಿಗೆ ಬರೆಸುವುದು ಯಾಕೆ ಎಂದು ಕೇಳುವವರಿದ್ದಾರೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅಷ್ಟೇ ಕಾರಣ. ಹನ್ನೆರಡು ತಿಂಗಳು ದಾಟಿದರೆ ಬಾಡಿಗೆದಾರರಿಗೆ ಮನೆಯ ಮೇಲೆ ಹಕ್ಕು ಬಂದುಬಿಡುತ್ತದೆ, ಹನ್ನೆರಡು ವರ್ಷ ಇದ್ದರೆ ಮನೆಯೇ ಅವರದಾಗುತ್ತದೆ ಎನ್ನುವುದೆಲ್ಲ ಕಟ್ಟೆಯ ಮಾತು. ನಿಮ್ಮ ಒಪ್ಪಿಗೆಯಿಂದ ಬಾಡಿಗೆ ಕೊಟ್ಟುಕೊಂಡು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಕರ್ನಾಟಕ ಬಾಡಿಗೆ ಕಾಯ್ದೆ 1999ರದು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆಡೆ 2,000 ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತಿನ ಹೆಚ್ಚಿನ ಮನೆಗಳು ಆ ಮಿತಿಯ ಆಚೆಗಿವೆ, ಅವುಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸು ಎಂದು ಅದು ಹೇಳುತ್ತದೆ. ನಿಮ್ಮ ಕರಾರಿನಲ್ಲಿ ಎರಡು ತಿಂಗಳೆಂದು ಬರೆದುಕೊಂಡರೆ ಎರಡು ತಿಂಗಳು. ಬಾಡಿಗೆ ಕೊಡದವರ ನೀರು ನಿಲ್ಲಿಸುವುದು, ಫ್ಯೂಸು ಕೀಳುವುದು, ಬೀಗ ಜಡಿಯುವುದು ಮಾಡಬೇಡಿ. ಕೋರ್ಟಿನ ಆದೇಶವಿಲ್ಲದೆ ಯಾರನ್ನೂ ಬಲವಂತವಾಗಿ ಹೊರಹಾಕುವಂತಿಲ್ಲ, ಹಾಕಿದರೆ ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ. ಕರಾರಿನ ಕೊನೆ ಏಪ್ರಿಲ್ ಅಥವಾ ಮೇ ತಿಂಗಳಿಗೆ ಬೀಳುವಂತೆ ನೋಡಿಕೊಳ್ಳಿ. ಶಾಲೆಗಳು ತೆರೆಯುವ ಮುಂಚೆ ಮನೆ ಹುಡುಕುವವರು ಹೆಚ್ಚು, ಆಷಾಢವೂ ಇನ್ನೂ ದೂರವಿರುತ್ತದೆ.

ಅಡ್ವಾನ್ಸು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ದೇಶಕ್ಕೇ ಪ್ರಸಿದ್ಧ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕೆನ್ನುತ್ತದೆ, ಆದರೆ ಅದನ್ನು ಜಾರಿ ಮಾಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ನೀವು ಎಷ್ಟಾದರೂ ತೆಗೆದುಕೊಳ್ಳಿ, ಆ ಹಣ ನಿಮ್ಮದಲ್ಲ ಎಂದು ನೆನಪಿಡಿ. ಬೇರೆಯೇ ಖಾತೆಯಲ್ಲಿ ಠೇವಣಿ ಇಡಿ. ಅಡ್ವಾನ್ಸನ್ನು ಮಗಳ ಮದುವೆಗೋ ಹೊಸ ಕಾರಿಗೋ ಬಳಸಿ, ಬಿಟ್ಟು ಹೋಗುವವರಿಗೆ "ಹೊಸಬರು ಬಂದು ಕೊಟ್ಟ ಮೇಲೆ ಕೊಡುತ್ತೇನೆ" ಎನ್ನುವ ಮಾಲೀಕರು ಪ್ರತಿ ಬೀದಿಯಲ್ಲೂ ಇದ್ದಾರೆ.

ಭೋಗ್ಯದ ಆಸೆಗೆ ಮಾತ್ರ ಹೊಸಬರು ಬೀಳಬೇಡಿ. ಲೀಸ್ ಎಂದೂ ಹೇಳುತ್ತಾರಲ್ಲ, ಅದೇ. 12 ಲಕ್ಷ ಒಟ್ಟಿಗೆ ತೆಗೆದುಕೊಂಡು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವುದು, ಕೊನೆಗೆ ಪೂರ್ತಿ ಹಣ ವಾಪಸು ಕೊಡುವುದು. ಒಟ್ಟಿಗೆ ದುಡ್ಡು ಸಿಕ್ಕಿತೆಂದು ಸಂತೋಷವಾಗುತ್ತದೆ. ಅದೇ ಮನೆಗೆ 15,000 ಬಾಡಿಗೆ ಬರುತ್ತಿತ್ತು ಎಂದುಕೊಳ್ಳಿ. ವರ್ಷಕ್ಕೆ 1 ಲಕ್ಷ 80 ಸಾವಿರ ಬಿಟ್ಟುಕೊಟ್ಟು ನೀವು 12 ಲಕ್ಷ ಬಳಸುತ್ತಿದ್ದೀರಿ. ಅಂದರೆ ನೂರಕ್ಕೆ ಹದಿನೈದು ಬಡ್ಡಿಯ ಸಾಲ. ಬ್ಯಾಂಕು ಎಂಟೂವರೆಗೆ ಕೊಡುವಾಗ ಹದಿನೈದಕ್ಕೆ ಸಾಲ ಮಾಡಿ, ಅದನ್ನು ವ್ಯಾಪಾರವೆಂದು ತಿಳಿಯುವುದು ನನಗೆ ಅರ್ಥವಾಗದು. ಅವಧಿ ಮುಗಿದ ದಿನ 12 ಲಕ್ಷ ಎಲ್ಲಿಂದ ತರುವುದು? ಇನ್ನೊಬ್ಬರಿಗೆ 14 ಲಕ್ಷಕ್ಕೆ ಭೋಗ್ಯ ಹಾಕಿ. ಹೀಗೆ ಸುತ್ತು ಬೆಳೆಯುತ್ತದೆ. ಬ್ಯಾಂಕಿನಲ್ಲಿ ಅಡವಿರುವ ಮನೆಯನ್ನು ಬ್ಯಾಂಕಿಗೆ ಹೇಳದೆ ಭೋಗ್ಯಕ್ಕೆ ಕೊಟ್ಟು, ಕಂತು ತಪ್ಪಿ, ಜಪ್ತಿಯ ನೋಟಿಸು ಬಾಗಿಲಿಗೆ ಅಂಟಿದಾಗ ಬೀದಿಗೆ ಬಿದ್ದವರು ಜೀವಮಾನದ ಉಳಿತಾಯ ಕೊಟ್ಟ ಆ ಸಂಸಾರದವರು.

ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ ಮೂವತ್ತನ್ನು ಲೆಕ್ಕ ಕೇಳದೆ ಬಿಡುತ್ತಾರೆ, ಆಮೇಲೆ ಸಾಲದ ಬಡ್ಡಿಯನ್ನು ಕಳೆಯಬಹುದು. ಬಡ್ಡಿ ಹೆಚ್ಚಾಗಿ ನಷ್ಟ ಬಂದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ ಎರಡು ಲಕ್ಷದವರೆಗೆ ಸಂಬಳದಲ್ಲಿ ಮುರಿದುಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಆ ಅನುಕೂಲವಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟ ಮನೆಗೆ ಆಸ್ತಿ ತೆರಿಗೆಯ ದರ ಸ್ವಂತ ವಾಸದ ಮನೆಯ ಎರಡರಷ್ಟು. ಸ್ವಂತ ವಾಸವೆಂದು ಬರೆದು ಸಿಕ್ಕಿಬಿದ್ದು ದಂಡ ಕಟ್ಟಿದವರಿದ್ದಾರೆ. ಏಪ್ರಿಲಿನಲ್ಲೇ ಪೂರ್ತಿ ಕಟ್ಟಿದರೆ ನೂರಕ್ಕೆ ಐದು ರಿಯಾಯಿತಿ. ಮನೆ ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗನ ಹೆಸರಿನಲ್ಲಿದ್ದರೆ ಇನ್ನೊಂದು ವಿಷಯ: ಅನಿವಾಸಿಗೆ ಬಾಡಿಗೆ ಕೊಡುವವರು ಮೂಲದಲ್ಲೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಊರಲ್ಲಿರುವ ಅಪ್ಪ ತಮ್ಮ ಖಾತೆಗೆ ಬಾಡಿಗೆ ಹಾಕಿಸಿಕೊಂಡರೆ ಆ ಹೊಣೆ ತಪ್ಪುವುದಿಲ್ಲ. ಇದನ್ನು ಮೊದಲೇ ಬಾಡಿಗೆದಾರರಿಗೆ ಹೇಳಿ ಕರಾರಿನಲ್ಲಿ ಬರೆಯಿಸಿ.

ಕೊನೆಯದಾಗಿ ಮನೆ ಖಾಲಿ ಮಾಡುವ ದಿನ. ಸೇರುವ ದಿನವೇ ಮನೆಯ ಮೂಲೆಮೂಲೆಯನ್ನು ಫೋನಿನಲ್ಲಿ ಚಿತ್ರ ತೆಗೆದು ಇಬ್ಬರೂ ಇಟ್ಟುಕೊಂಡಿದ್ದರೆ ಈ ದಿನ ಜಗಳವಿರುವುದಿಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಅದನ್ನು ಕರಾರಿನಲ್ಲಿ ಬರೆದಿದ್ದರೆ ಮಾತ್ರ ಹಿಡಿಯಿರಿ, ಮೊಳೆ ಹೊಡೆದ ತೂತಿಗೆ ಬೇರೆ, ಸವೆದ ನಲ್ಲಿಗೆ ಬೇರೆ ಎಂದು ಪಟ್ಟಿ ಬೆಳೆಸಬೇಡಿ. ವಿದ್ಯುತ್ತು, ನೀರಿನ ಮೀಟರಿನ ಅಂಕಿಯನ್ನು ಅವರ ಎದುರೇ ಬರೆದುಕೊಂಡು, ಬಾಕಿ ಕಳೆದು, ಮಿಕ್ಕ ಅಡ್ವಾನ್ಸನ್ನು ಬೀಗದ ಕೈ ತೆಗೆದುಕೊಳ್ಳುವ ಹೊತ್ತಿಗೇ ಅವರ ಖಾತೆಗೆ ಹಾಕಿ. ಲಾರಿ ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿಸಿ: ಗೃಹಜ್ಯೋತಿಗೆ ಅವರು ಜೋಡಿಸಿದ್ದ ಆರ್‌ಆರ್ ಸಂಖ್ಯೆಯ ನಂಟನ್ನು ಅವರ ಫೋನಿನಿಂದಲೇ ತೆಗೆಸಿ. ಇಲ್ಲದಿದ್ದರೆ ಮುಂದೆ ಬರುವವರ ಅರ್ಜಿ ಒಳಗೇ ಹೋಗುವುದಿಲ್ಲ, ಹಳಬರ ಫೋನು ನಂಬರು ಹುಡುಕುತ್ತಾ ನೀವು ವಿದ್ಯುತ್ ಕಚೇರಿಗೆ ಅಲೆಯಬೇಕಾಗುತ್ತದೆ.